ತೊಳೆಯಬಾರದ ಸ್ಪಾಂಜು

ಶೆಟ್ಟಿಕೆರೆಯ ಆ ಮನೆಗೆ ಮೀನಿನ ತೊಟ್ಟಿ ಬಂದದ್ದು ಗುರುಶಾಂತಮ್ಮನ ಮಂಡಿ ಆಪರೇಷನ್ ಆದ ಮೇಲೆ. ತೋಟಕ್ಕೆ ಹೋಗುವಂತಿಲ್ಲ, ಮೆಟ್ಟಿಲು ಇಳಿಯುವಂತಿಲ್ಲ. ಇಡೀ ದಿನ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ ತಾಯಿಯನ್ನು ಕಂಡು ಮಗ ರೇಣುಕಪ್ರಸಾದ್ ಎರಡಡಿ ಉದ್ದದ ಗಾಜಿನ ತೊಟ್ಟಿಯನ್ನೂ ಆರು ಗೋಲ್ಡ್ ಫಿಶ್ಶನ್ನೂ ತಂದಿಟ್ಟ. ಮೊದಲ ದಿನ ಗುರುಶಾಂತಮ್ಮ "ಯಾಕಪ್ಪ ಈ ದಂಡ" ಎಂದರು. ವಾರ ಕಳೆಯುವುದರೊಳಗೆ ಆರಕ್ಕೂ ಹೆಸರಿಟ್ಟಿದ್ದರು.

ಕಾಳು ಹಾಕುವ ಕೆಲಸ ಅತ್ತೆಯದು, ತೊಟ್ಟಿ ತೊಳೆಯುವ ಕೆಲಸ ಸೊಸೆ ಮಧುಶ್ರೀಯದು. ಮಧುಶ್ರೀ ಚಿಕ್ಕನಾಯಕನಹಳ್ಳಿಯ ಒಂದು ಲ್ಯಾಬಿನಲ್ಲಿ ಹತ್ತು ವರ್ಷದಿಂದ ಟೆಕ್ನಿಶಿಯನ್. ಗಾಜಿನ ಕೊಳವೆಗೆ ಒಂದು ಕಲೆ ಅಂಟಿದ್ದರೂ ಯಾರದೋ ರಿಪೋರ್ಟು ತಪ್ಪಾಗುವ ಜಾಗ ಅದು. ಕೊಳೆ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಪ್ರತಿ ಭಾನುವಾರ ಫಿಲ್ಟರಿನ ಸ್ಪಾಂಜನ್ನು ತೆಗೆದು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ, ನಲ್ಲಿಯಡಿ ಹತ್ತು ಸಲ ಹಿಂಡಿ, ಬಿಸಿಲಿಗೆ ಒಣಗಿಸಿ ಹಾಕುತ್ತಿದ್ದಳು. ತೊಟ್ಟಿಯ ನೀರು ಕನ್ನಡಿಯಂತಿರುತ್ತಿತ್ತು.

ಆದರೂ ಮೀನು ಸಾಯತೊಡಗಿದವು. ಮೊದಲನೆಯದು ತೇಲಿದಾಗ "ನಾನೇ ಕಾಳು ಜಾಸ್ತಿ ಹಾಕ್ದೆ ಅನ್ಸುತ್ತೆ" ಎಂದರು ಗುರುಶಾಂತಮ್ಮ. ಹದಿನೈದು ದಿನದಲ್ಲಿ ಇನ್ನೆರಡು ಹೋದವು. ನಾಲ್ಕನೆಯದು ಹೋದ ಬೆಳಿಗ್ಗೆ ಸೊಸೆಯನ್ನು ಕರೆದು, "ಇನ್ಮೇಲೆ ನೀನೇ ಹಾಕವ್ವ. ನನ್ನ ಕೈಗುಣ ಸರಿಯಿಲ್ಲ" ಎಂದರು.

ಮಧುಶ್ರೀಗೆ ಬಸ್ಸಿನ ಹೊತ್ತಾಗಿತ್ತು. "ಸುಮ್ನಿರಿ ಅತ್ತೆ" ಎಂದು ಹೊರಟುಬಿಟ್ಟಳು.

ಮೂರು ತಿಂಗಳಲ್ಲಿ ಆರೂ ಮುಗಿದವು. ಗುರುಶಾಂತಮ್ಮ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಒಂದು ದಿನ ಪಕ್ಕದ ಮನೆಯ ರಾಮಕ್ಕ ಇಪ್ಪತ್ತು ದಿನದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಆ ಬೀದಿಯ ಕೂಸುಗಳಿಗೆಲ್ಲ ಮೂವತ್ತು ವರ್ಷದಿಂದ ಮೊದಲ ಎಣ್ಣೆ ಹಚ್ಚುತ್ತಿದ್ದವರು ಗುರುಶಾಂತಮ್ಮ.

"ಬ್ಯಾಡ ಕಣೇ ರಾಮಕ್ಕ," ಎಂದರು ಅವರು ಕೂಸನ್ನು ಮುಟ್ಟದೆ. "ಬೇರೆ ಯಾರ ಕೈಲಾದ್ರೂ ಹಚ್ಚಿಸು. ನನ್ನ ಕೈ ಸರಿಯಿಲ್ಲ."

ಟೀ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಧುಶ್ರೀ ಅದನ್ನು ಕೇಳಿಸಿಕೊಂಡಳು. ಆ ಶನಿವಾರ ಲ್ಯಾಬಿನಿಂದ ಬರುವಾಗ ಶೆಟ್ಟಿಕೆರೆಯಲ್ಲಿ ಇಳಿಯದೆ, ಅದೇ ಬಸ್ಸಿನಲ್ಲಿ ಮುಂದಕ್ಕೆ ತಿಪಟೂರಿಗೆ ಹೋದಳು.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ದಾಸಯ್ಯನವರದು ಮೀನಿನ ಅಂಗಡಿ. "ಇರೋದ್ರಲ್ಲಿ ಒಳ್ಳೇ ಫಿಲ್ಟರ್ ಕೊಡಿ, ರೇಟು ಎಷ್ಟಾದ್ರೂ ಆಗ್ಲಿ" ಎಂದಳು ಮಧುಶ್ರೀ. ದಾಸಯ್ಯ ಮೇಲಿನಿಂದ ಒಂದು ದಪ್ಪ ಡಬ್ಬಿಯನ್ನು ಇಳಿಸಿದರು.

"ಇದು ತೊಟ್ಟಿಯಿಂದ ಆಚೆ ಇಡೋದು. ಚೆನ್ನಾಗಿ ಕೆಲಸ ಮಾಡುತ್ತೆ. ನಿಮ್ಮೂರಲ್ಲಿ ಕರೆಂಟು ಹೋದ್ರೆ ಎಷ್ಟೊತ್ತಿಗೆ ಬತ್ತದೆ?"

"ಮೂರು ಗಂಟೆ, ನಾಕು ಗಂಟೆ. ಮಳೆಗಾಳಿ ಬಂದ್ರೆ ಹೇಳೋಕಾಗಲ್ಲ."

"ಹಂಗಾದ್ರೆ ಬ್ಯಾಡ. ಮುಚ್ಚಿದ ಡಬ್ಬಿಲಿ ನೀರು ನಿಂತು ಕೊಳೀತದೆ. ಕರೆಂಟು ಬಂದ ತಕ್ಷಣ ಆ ನೀರೇ ಮೀನಿಗೆ. ಹಳೇದು ಏನಾಗಿತ್ತು, ಕೆಟ್ಟೋಯ್ತಾ?"

"ಇಲ್ಲ, ಚೆನ್ನಾಗೇ ಓಡ್ತಿತ್ತು. ವಾರವಾರ ನಾನೇ ತೊಳೀತಿದ್ದೆ." ಹೇಗೆ ತೊಳೆಯುತ್ತಿದ್ದೆನೆಂಬುದನ್ನೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

ದಾಸಯ್ಯ ಡಬ್ಬಿಯನ್ನು ಪಕ್ಕಕ್ಕಿಟ್ಟರು. "ತಪ್ಪು ತಿಳ್ಕೋಬೇಡಿ ಮೇಡಂ. ಸ್ಪಾಂಜು ಬರೀ ಕೊಳೆ ಹಿಡಿಯೋಕಲ್ಲ. ಅದರೊಳಗೆ ಜೀವ ಇರ್ತವೆ. ಮೀನಿನ ಗಲೀಜು ವಿಷ ಆಗುತ್ತಲ್ಲ, ಅದನ್ನ ತಿಂದು ಅರಗಿಸೋದು ಅವೇ. ಅವು ಬೆಳೆಯೋಕೆ ತಿಂಗಳು ಹಿಡಿಯುತ್ತೆ. ನೀವು ಪ್ರತಿ ಭಾನುವಾರ ಎಲ್ಲಾನೂ ಕೊಂದು ಹಾಕ್ತಿದ್ರಿ."

"ನೀರು ತಿಳಿಯಾಗಿತ್ತಲ್ಲ."

"ಆ ವಿಷಕ್ಕೆ ಬಣ್ಣ ಇಲ್ಲ."

ಮಧುಶ್ರೀ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಅವಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಡಿಪ್ಲೊಮಾದಲ್ಲಿ ಓದಿದ್ದೇ. ಬ್ಯಾಕ್ಟೀರಿಯಾ ಎಂದರೆ ಹುಡುಕಿ ಕೊಲ್ಲಬೇಕಾದ್ದು ಎಂಬುದೊಂದೇ ಕೈಗೆ ರೂಢಿಯಾಗಿ, ಉಳಿಸಿಕೊಳ್ಳಬೇಕಾದ್ದೂ ಇರುತ್ತದೆಂಬುದು ಮರೆತೇ ಹೋಗಿತ್ತು. ಸತ್ತ ಮೀನುಗಳಿಗಿಂತ ಹೆಚ್ಚಾಗಿ ಕಿಟಕಿಗೆ ತಿರುಗಿದ ಕುರ್ಚಿ ಅವಳ ಕಣ್ಣಿಗೆ ಕಟ್ಟಿತು.

ದಾಸಯ್ಯ ಕೊನೆಗೆ ಎರಡು ಸಾದಾ ಸ್ಪಾಂಜ್ ಫಿಲ್ಟರುಗಳನ್ನೂ, ಕರೆಂಟು ಹೋದರೆ ಬ್ಯಾಟರಿಯಲ್ಲಿ ಓಡುವ ಗಾಳಿಪಂಪನ್ನೂ ಮುಂದಿಟ್ಟರು. "ಈ ತಿಂಗಳು ಒಂದನ್ನ ಹಿಂಡಿ, ಮುಂದಿನ ತಿಂಗಳು ಇನ್ನೊಂದನ್ನ. ಅದೂ ತೊಟ್ಟಿಯಿಂದ ತೆಗೆದ ನೀರಲ್ಲೇ. ಮೀನು ಸದ್ಯಕ್ಕೆ ಎರಡೇ ಸಾಕು." ಆಮೇಲೆ ತಮ್ಮದೇ ಒಂದು ತೊಟ್ಟಿಗೆ ಕೈಹಾಕಿ, ಕಂದುಬಣ್ಣಕ್ಕೆ ತಿರುಗಿದ ಹಳೆಯ ಸ್ಪಾಂಜನ್ನು ನೀರಿನ ಸಮೇತ ಕವರಿಗೆ ಹಾಕಿಕೊಟ್ಟರು. "ಹೊಸದರ ಪಕ್ಕ ಇದನ್ನೂ ಬಿಡಿ. ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಹಂಗೆ."

ಬಸ್ಸಿನಲ್ಲಿ ಕವರುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಯೋಚಿಸಿದಳು. ಹಳೇ ಫಿಲ್ಟರ್ ಸರಿಯಿರಲಿಲ್ಲವಂತೆ ಎಂದರೆ ಸಾಕು, ಯಾರೂ ಮುಂದೆ ಕೇಳುವುದಿಲ್ಲ. ಅತ್ತೆಗೂ ಸಮಾಧಾನ, ತನಗೂ ಮರ್ಯಾದೆ. ಊರು ಬರುವವರೆಗೂ ಹಾಗೇ ಹೇಳುವುದೆಂದುಕೊಂಡಿದ್ದಳು.

ಮನೆಗೆ ಬಂದಾಗ ಗುರುಶಾಂತಮ್ಮ ಕವರಿನೊಳಗಿನ ಮೀನು ನೋಡಿ, ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಅದನ್ನು ಕಂಡ ಮೇಲೆ ಮಧುಶ್ರೀಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಅತ್ತೆ, ಮೀನು ಸತ್ತಿದ್ದು ನಿಮ್ಮ ಕೈಯಿಂದಲ್ಲ. ನನ್ನಿಂದ." ಎಲ್ಲವನ್ನೂ ಹೇಳಿದಳು. ಹೆಪ್ಪಿನ ಮಾತನ್ನೂ ಹೇಳಿದಳು.

ಗುರುಶಾಂತಮ್ಮ ಕವರಿನೊಳಗಿನ ಕೊಳೆ ಸ್ಪಾಂಜನ್ನು ಬಗ್ಗಿ ನೋಡಿದರು.

"ತೊಳೆದಿದ್ದು ಬುಡು, ಗೊತ್ತಿರಲಿಲ್ಲ," ಎಂದರು. "ನಾನು ಕೈಗುಣ ಅಂದಾಗ ಸುಮ್ನಿರಿ ಅಂದ್ಯಲ್ಲ. ಯಾಕೆ ಸಾಯ್ತಾವೆ ನೋಡಣ ಅನ್ಲಿಲ್ಲ. ಓದ್ದೋಳು ನೀನು."

ಎರಡು ದಿನ ಅತ್ತೆ ಎಷ್ಟು ಬೇಕೋ ಅಷ್ಟೇ ಮಾತಾಡಿದರು. ಮೂರನೆಯ ದಿನ ಕುರ್ಚಿಯಿಂದಲೇ, "ಅಷ್ಟೊಂದು ಕಾಳು ಹಾಕ್ತಾರೇನೇ? ಕೊಡಿಲ್ಲಿ" ಎಂದು ಡಬ್ಬಿ ಇಸಿದುಕೊಂಡರು. ಅದೇ ವಾರ ಕೋಲು ಊರಿಕೊಂಡು ರಾಮಕ್ಕನ ಮನೆಗೆ ಹೋಗಿ, ಎಣ್ಣೆ ಬೆಚ್ಚಗೆ ಮಾಡಿಸಿ ಕೂಸನ್ನು ಕಾಲಮೇಲೆ ಮಲಗಿಸಿಕೊಂಡರು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಲ್ಯಾಬಿಗೆ ಅತ್ತೆಯ ಫೋನು ಬಂತು.

"ಒಂದು ಹೋಯ್ತು ಕಣೇ."

ಮಧುಶ್ರೀ ಕೈಯಲ್ಲಿದ್ದ ಕೊಳವೆಯನ್ನು ಕೆಳಗಿಟ್ಟಳು. ಮುಂದಿನ ಮಾತು ಏನೆಂದು ಅವಳಿಗೆ ಭಯ.

"ದಾಸಯ್ಯಂಗೆ ಫೋನ್ ಮಾಡ್ದೆ," ಎಂದರು ಗುರುಶಾಂತಮ್ಮ. "ನೆನ್ನೆ ನಲ್ಲಿ ನೀರನ್ನ ಹಂಗಂಗೇ ಸುರಿದುಬಿಟ್ಟಿದ್ದೆ ನಾನು. ಅದರಲ್ಲಿರೋ ಬ್ಲೀಚಿಂಗ್ ಹೋಗ್ಲಿ ಅಂತ ಒಂದಿನ ಹಿಡಿದಿಟ್ಟು ಆಮೇಲೆ ಹಾಕ್ಬೇಕಂತೆ. ಇನ್ನೊಂದು ಈಜಾಡ್ಕಂಡೇ ಅದೆ. ಬರೋವಾಗ ಅಗಲಬಾಯಿದು ಎರಡು ಬಕೆಟ್ ತಗಂಡು ಬಾ."

"ತರ್ತೀನಿ ಅತ್ತೆ," ಎಂದಳು ಮಧುಶ್ರೀ.