ತಾನಾಗಿಯೇ ಬೆಳೆದ ಬೇವು

ಚಟ್ಟ ಹೊತ್ತವರು ಬೀಗ ಹಾಕಿದ ಗೇಟಿನ ಮುಂದೆ ಹೆಗಲು ಬದಲಿಸಿದರು. ಅದು ಕರೂರು ಕೇರಿಯ ಬೇವಿನ ತೋಪು. ತಂತಿಬೇಲಿಯ ಒಳಗೆ ಎಳೆಯ ಬೇವಿಗೆ ಒರಗಿ ನಿಂತಿದ್ದ ಅರಣ್ಯ ರಕ್ಷಕ ವೀರೇಶ್ ಅಲ್ಲಾಡಲಿಲ್ಲ.

“ಇದು ಕಾರ್ಬನ್ ಕಾಡು ಆಗೇತಿ, ಅಕ್ಕಾ. ಗಾಳ್ಯಾಗಿನ ಹೊಗಿನ ಈ ಗಿಡ, ಮಣ್ಣು ಹಿಡಕೊಂಡು ಇಟ್ಕೊಂತಾವಂತ. ಒಂದು ಗುದ್ದಲಿ ಏಟೂ ಬೀಳಂಗಿಲ್ಲ, ಸರ್ಕಾರದ ಹುಕುಂ. ಹೊಳಿ ದಂಡಿಗೆ ಒಯ್ಯಿರಿ.”

ಸತ್ತ ಜೋಗಪ್ಪನ ಮಗಳು ಪಂಪಾವತಿ ತಂತಿ ಹಿಡಿದಳು. “ನಮ್ಮವ್ವ ಇಲ್ಲೇ ಅದಾಳ್ರಿ. ಆಕಿ ಮಗ್ಗಲಕ ಮಲಗಸ್ರಿ ಅಂತ ಹೇಳೇ ಅಪ್ಪ ಕಣ್ಣು ಮುಚ್ಚ್ಯಾನ.”

“ಗೋರಿ ಎಲ್ಲದಾವ? ನನಗೊಂದೂ ಕಂಡಿಲ್ಲ.”

ಪಂಪಾವತಿ ತಂತಿಯಾಚೆಯ ಒಂದು ಬೇವಿನ ಕಡೆ ನೋಡಿದಳು.

*

ಹಿಂದೊಮ್ಮೆ ಸರ್ವೆಯವರು ಬಂದಾಗ ತೋಪು ತೋರಿಸಿದವನು ಜೋಗಪ್ಪನೇ. ಈ ಕೇರಿಯವರು ಗೋರಿ ಕಟ್ಟುವುದಿಲ್ಲ. ಹೂತವರ ತಲೆಯ ಬಳಿ ಬೇವಿನ ಸಸಿ ನೆಡುತ್ತಾರೆ. ಯಾರ ಗಿಡವೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಹೆಸರು ಹಿಡಿದರೆ ಮಲಗಿದವರ ನಿದ್ದೆ ಕೆಡುತ್ತದೆ.

“ಯಾರು ನೆಟ್ಟದ್ದು?” ಎಂದು ಸರ್ವೆಯವರು ಕೇಳಿದರು.

ಜೋಗಪ್ಪನ ಅಂಗೈ ಹೆಂಡತಿಯ ಗಿಡದ ಮೇಲಿತ್ತು. “ತಾವಾ ಬೆಳದಾವ್ರಿ,” ಅಂದ.

ನೈಸರ್ಗಿಕ ಕಾಡು ಎಂದು ಬರೆದುಕೊಂಡು ಹೋದರು. ಆಮೇಲೆ ತಂತಿಬೇಲಿ ಬಂತು, ಗೇಟಿಗೆ ಬೀಗ ಬಿತ್ತು.

*

ಹೊತ್ತು ಇಳಿಯುತ್ತಿತ್ತು. ಪಂಪಾವತಿಯ ತಮ್ಮ ಮಾರೇಶ ಬೀಗದ ಮೇಲೆ ಗುದ್ದಲಿ ಎತ್ತಿದ.

“ಕೇಸ್ ಆಕ್ಕತಿ ನೋಡಲೇ! ಜೈಲಿಗೆ ಹೋಕ್ಕಿ!” ವೀರೇಶ್ ಕೂಗಿದ.

“ಹಾಕು! ಅಪ್ಪನ್ನ ಹೂತು ಬರ್ತೀನಿ!”

ಪಂಪಾವತಿ ಗುದ್ದಲಿಗೂ ಬೀಗಕ್ಕೂ ನಡುವೆ ಬಂದು ನಿಂತಳು. ಬೇಲಿಯೊಳಗೆ ಬೆರಳು ಚಾಚಿದಳು.

“ಅದು ನಮ್ಮವ್ವ. ಹಂಪಕ್ಕ.”

“ಅಕ್ಕಾ, ಹೆಸರು ಹಿಡೀಬ್ಯಾಡ!” ಮಾರೇಶನ ಕೈ ತಾನೇ ಕೆಳಗಿಳಿಯಿತು.

“ನೀವು ಒರಗಿದ್ದು ನನ್ನ ಕೂಸು, ಸಾಹೇಬ್ರ. ಅದಕ್ಕ ಇನ್ನಾ ಹೆಸರಿಟ್ಟಿದ್ದಿಲ್ಲ.”

ವೀರೇಶ್ ಬೆನ್ನು ಸರಿಸಿದ.

ಹಿಂದಿನಿಂದ ಮುದುಕಿ ದುರುಗಮ್ಮ ಕೋಲೂರಿ ಬಂದಳು. ಮದುವೆಯಾದಂದಿನಿಂದ ಗಂಡನ ಹೆಸರು ಹೇಳದ ಬಾಯಿ. ಸೆರಗಿನಿಂದ ತುಟಿ ಒರೆಸಿಕೊಂಡಳು.

“ಆ ಡೊಂಕ ಗಿಡ ನನ್ನ ಗಂಡ. ಸುಂಕಪ್ಪ. ಇರೂತನಕ ಬೀಡಿ ಹೊಗಿ ಬಿಟ್ಟಾ. ಈಗ ಹಿಡ್ಯಾಕ ಕುಂತಾನಂತ, ಭಾಡ್ಯಾ.”

ಯಾರೋ ನಕ್ಕರು, ಆ ನಗುವೇ ಅಳುವಾಯಿತು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಬೇಲಿಗೆ ಬಂದು ಹೆಸರು ಕರೆಯತೊಡಗಿದರು. ತೋಪಿನ ಮೂಲೆಮೂಲೆಗೂ ಬೆರಳುಗಳು ಚಾಚಿದವು.

ವೀರೇಶ್ ಜೇಬಿನಿಂದ ಬೀಗದ ಕೈ ತೆಗೆದ. ಬಗ್ಗಿ ಬೂಟು ಬಿಚ್ಚಿದ. ಗೇಟಿಗೆ ಬರಲು ಎತ್ತಿದ ಬರಿಗಾಲನ್ನು ಎಲ್ಲಿಡಬೇಕೆಂದು ತಿಳಿಯದೆ, ಒಂಟಿಗಾಲಲ್ಲೇ ನಿಂತು ಪಂಪಾವತಿಯ ಮುಖ ನೋಡಿದ.