ಮೊಜಾರ್ಟ್‌ಗೊಂದು ಊಂ

ಇಸ್ತ್ರಿ ಅಂಗಡಿಯಲ್ಲಿ ಪಿಯಾನೋ ಯಾಕೆ ಎಂದು ಕೇಳದ ಗಿರಾಕಿಯೇ ಇರಲಿಲ್ಲ. ಹಿಂದೆ ಆ ಜಾಗದಲ್ಲಿದ್ದವರು ಬಿಟ್ಟುಹೋಗಿದ್ದರು, ಅಷ್ಟೆ. ಅಣ್ಣ ಅದರ ಮೇಲೆ ಮಡಚಿದ ಬಟ್ಟೆ ಒಟ್ಟುತ್ತಿದ್ದ. ತಂಗಿ, ತಂಗಿ ಎಂದರೆ ಐವತ್ತೆರಡು ತುಂಬಿದ ತಂಗಿ, ಒಂದು ದಿನ ಆ ಬಟ್ಟೆಯನ್ನೆಲ್ಲ ಕೆಳಗಿಳಿಸಿ, ಮುಚ್ಚಳ ತೆಗೆದು, ಕಲಿಯುತ್ತೇನೆಂದು ಕೂತುಬಿಟ್ಟಳು.

ಮೂರು ವರ್ಷದಲ್ಲಿ ಕಲಿತದ್ದು ಒಂದೇ ಒಂದು ಸೊನಾಟಾ. ಮೊಜಾರ್ಟ್ ಬರೆದದ್ದು, ಹೊಸದಾಗಿ ಕಲಿಯುವವರಿಗೆ ಅಂತ ಅವನೇ ಹೇಳಿಟ್ಟದ್ದು. ಆ ಪುಣ್ಯಾತ್ಮನ ಹೊಸಬರು ಯಾವ ಲೋಕದವರೋ, ತಂಗಿಗಂತೂ ಬೆವರಿಳಿಯಿತು. ಸಂಗೀತ ಶಾಲೆಯಲ್ಲಿ ಪಾಠ ವಾರಕ್ಕೆ ಅರ್ಧ ಗಂಟೆ, ಅಭ್ಯಾಸವೆಲ್ಲ ಅಂಗಡಿಯಲ್ಲೇ. ಸಾಲದ್ದಕ್ಕೆ ಅಂಗಡಿಯ ಪಿಯಾನೋದಲ್ಲಿ ಒಂದು ಬಿಳಿ ಕೀ ಸತ್ತುಹೋಗಿತ್ತು. ಒತ್ತಿದರೆ ಕಟ್ ಎಂಬ ಮರದ ಸದ್ದು ಮಾತ್ರ. ಬೆರಳು ಓಡುವಾಗ ಅದು ತಿಳಿಯುತ್ತಿರಲಿಲ್ಲ. ಆದರೆ ಶುರುವಿನಲ್ಲೇ ಒಂದು ಕಡೆ ಆ ಸ್ವರ ನಿಂತು ಮಾತಾಡಬೇಕು. ಅಲ್ಲಿ ತಂಗಿ ಬಾಯಿಂದಲೇ "ಊಂ" ಎಂದು ತುಂಬಿಸುತ್ತಿದ್ದಳು.

"ದಿನಾ ಅದೇ ರಾಗ, ನಡುವೆ ನಿನ್ನ ಊಂ ಬೇರೆ. ತಲೆ ಚಿಟ್ಟು ಹಿಡಿದಿದೆ ನಂಗೆ," ಎಂದ ಅಣ್ಣ, ಕಾಲರ್ ಮೇಲೆ ಇಸ್ತ್ರಿ ಒತ್ತುತ್ತಾ. "ಮುಂದಿನ ವಾರ ನಿನ್ನ ಸಂಗೀತ ಶಾಲೆ ಪರೀಕ್ಷೆ ಪಾಸಾದ್ರೆ ಈ ಪಿಯಾನೋ ಇರ್ಲಿ. ಇಲ್ದಿದ್ರೆ ಇದು ಆಚೆಗೆ, ಇಲ್ಲಿ ಇನ್ನೊಂದು ಇಸ್ತ್ರಿ ಮೇಜು. ಮಾತು ಅಂದ್ರೆ ಮಾತು."

"ಆಯ್ತು ಬಿಡಣ್ಣ," ಎಂದಳು. ಎಂದಳೇ ಹೊರತು ಆ ವಾರವೆಲ್ಲ ಊಟ ಸೇರಲಿಲ್ಲ.

ಪರೀಕ್ಷೆ ಶಾಲೆಯ ಸಭಾಂಗಣದಲ್ಲಿ, ಮನೆಯವರ ಎದುರೇ. ಸರದಿಯಲ್ಲಿದ್ದವರೆಲ್ಲ ಮೊಮ್ಮಕ್ಕಳ ವಯಸ್ಸಿನವರು. ಅಣ್ಣ ಮೂರನೇ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ತಂಗಿ ಶುರುಮಾಡಿದಳು. ಆ ಜಾಗ ಬಂತು. ಶಾಲೆಯ ಪಿಯಾನೋದಲ್ಲಿ ಆ ಕೀ ಗಂಟೆಯಂತೆ ನುಡಿಯಿತು. ಅದರ ಜೊತೆಗೇ ಇವಳ ಬಾಯಿಯೂ "ಊಂ" ಎಂದಿತು.

ಸಭೆ ಕಿಸಕ್ಕನೆ ನಕ್ಕಿತು. ಪರೀಕ್ಷಕಿ ಕನ್ನಡಕದ ಮೇಲಿಂದ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ತಂಗಿಗೆ. ಪಿಯಾನೋ ಹೋಯಿತೆಂದೇ ಲೆಕ್ಕ. ಬೆರಳು ಮಾತ್ರ ನಿಲ್ಲಲಿಲ್ಲ.

ಮೊದಲ ಭಾಗವನ್ನು ಇನ್ನೊಮ್ಮೆ ನುಡಿಸಬೇಕೆಂದು ಪುಸ್ತಕದಲ್ಲಿ ಗುರುತಿದೆ. ಅಂದರೆ ಆ ಜಾಗ ಮತ್ತೆ ಬರುತ್ತದೆ. ಈ ಸಲ ತುಟಿ ಕಚ್ಚಿ ಹಿಡಿದಳು. ಬೆರಳು ಕೀ ಮೇಲಿಳಿಯಿತು.

"ಊಂ."

ಮೂರನೇ ಸಾಲಿನಿಂದ ಬಂತು ಅದು. ದಪ್ಪ ಗಂಡುದನಿ, ಸ್ವರಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ಹಿಂದುಮುಂದಿಲ್ಲದೆ. ಮೂರು ವರ್ಷ ಬೈದುಕೊಂಡೇ ಕೇಳಿಸಿಕೊಂಡವನ ದನಿ. ಅಣ್ಣ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ.

ತಂಗಿಯ ಎದೆ ತುಂಬಿ ಬಂತು. ಭಯ ಹೇಳದೆ ಕೇಳದೆ ಎದ್ದು ಹೋಯಿತು. ಉಳಿದ ಪುಟಗಳ ಮೇಲೆ ಅವಳ ಕೈ ಕಾದ ಇಸ್ತ್ರಿ ಪೆಟ್ಟಿಗೆಯ ಹಾಗೆ ಸಲೀಸಾಗಿ ಜಾರಿತು, ಒಂದು ಸುಕ್ಕೂ ಉಳಿಯಲಿಲ್ಲ. ಕೊನೆಯ ಸ್ವರಕ್ಕೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ನಕ್ಕವರೂ ಸೇರಿ.

"ಪಾಸಾಗಿದ್ದೀರಿ, ಅದೂ ಒಳ್ಳೇ ಅಂಕದಲ್ಲಿ," ಎಂದರು ಪರೀಕ್ಷಕಿ. "ಅಲ್ಲಿ ಊಂ ಅಂದೋರು ಯಾರು?"

"ನಮ್ಮಣ್ಣ. ಪಿಯಾನೋ ಆಚೆ ಹಾಕ್ತೀನಿ ಅಂತ ಕೂತಿದ್ದ."

ಸಂಜೆ ಅಂಗಡಿ ಬಾಗಿಲು ತೆಗೆಯುತ್ತಾ ತಂಗಿ ಕೇಳಿದಳು: "ಇನ್ನಾದ್ರೂ ಆ ಕೀ ರಿಪೇರಿ ಮಾಡಿಸೋಣ್ವಾ ಅಣ್ಣ?"

ಅಣ್ಣ ಇಸ್ತ್ರಿ ಪೆಟ್ಟಿಗೆಯ ಕಡೆ ತಿರುಗಿಕೊಂಡ. "ಬೇಡ. ರಿಪೇರಿ ಆದ್ರೆ ಆಮೇಲೆ ನಂಗೇನು ಕೆಲಸ?"