ಚಲುವಮ್ಮ ಒಪ್ಪಿದಳಂತೆ

ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ಗುಮಾಸ್ತನಿಗೆ ರೈಟರ್ ಎನ್ನುತ್ತಾರೆ. ಅದು ಕೆಲಸದ ಹೆಸರು, ಅಷ್ಟೆ. ಆದರೆ ಮಾದಾಪುರದ ಹತ್ತಿರದ ಎಸ್ಟೇಟಿನ ಬೊಳ್ಳಪ್ಪನನ್ನು ಜನ ಹತ್ತು ವರ್ಷ "ರೈಟರೇ, ರೈಟರೇ" ಎಂದು ಕರೆದು ಕರೆದು, ತಾನು ನಿಜವಾಗಿಯೂ ಸಾಹಿತಿ ಎಂಬ ಭ್ರಮೆ ಅವನ ತಲೆಗೆ ಏರಿಬಿಟ್ಟಿತ್ತು. ಜುಬ್ಬ ಹೊಲಿಸಿದ, ಹೆಗಲಿಗೆ ಶಾಲು ಬಂತು, ಮಾತಿನ ನಡುವೆ ಸುಮ್ಮಸುಮ್ಮನೆ ನಿಟ್ಟುಸಿರು ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಐಶ್ವರ್ಯವೂ ಬಂದಿರಲಿಲ್ಲ, ಬರೀ ಕೊಡೆ.

ಇಂಥವನ ಜೊತೆ ಕೂಡಿ ಕಾದಂಬರಿ ಬರೆಯಬೇಕಾದದ್ದು ಮಾದಾಪುರದ ಪ್ರೈಮರಿ ಶಾಲೆಯ ಟೀಚರ್ ಸರೋಜಳ ಗ್ರಹಚಾರ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಎಲ್ಲೆಲ್ಲೂ ಕನ್ನಡದ ಹುಮ್ಮಸ್ಸು. ಸೋಮವಾರಪೇಟೆಯ ಜವಳಿ ಅಂಗಡಿಯ ಗುರುವಪ್ಪ, ನಾಲ್ವರು ಸೇರಿ ಒಂದೇ ಕಾದಂಬರಿ ಬರೆಯೋಣ ಎಂದ. ಅವನು, ನರ್ಸ್ ತಂಗಮ್ಮ, ಬೊಳ್ಳಪ್ಪ, ಸರೋಜ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ದಪ್ಪನೆಯ ನೋಟ್‌ಬುಕ್ಕು ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಬೇಕು. ಬಂದಾಗ ತಮ್ಮ ಪಾತ್ರ ಏನು ಮಾಡಿತು, ಏನು ಆಡಿತು ಎಂದು ಬರೆದು ಮುಂದಕ್ಕೆ ಕಳಿಸಬೇಕು. ಇನ್ನೊಬ್ಬರ ಪಾತ್ರದ ಬಾಯಿಗೆ ಮಾತು ತುರುಕುವಂತಿಲ್ಲ. ಇದ್ದದ್ದು ಅದೊಂದೇ ಕಟ್ಟಳೆ.

ಬೊಳ್ಳಪ್ಪನ ಪಾತ್ರಕ್ಕೆ ವಿಕ್ರಮಸಿಂಹ ಎಂದು ಹೆಸರು. ಒಂದೇ ಗುಂಡಿಗೆ ಎರಡು ಹುಲಿ ಹೊಡೆಯುವವನು. ಜಡಿಮಳೆಯಲ್ಲಿ ಕಾಡು ಹೊಕ್ಕರೂ ಇವನ ಕಾಲಿಗೆ ಒಂದು ಜಿಗಣೆಯೂ ಹತ್ತುವುದಿಲ್ಲ! ಗುರುವಪ್ಪನ ಪಾತ್ರ ಒಬ್ಬ ಪೈಲ್ವಾನ. ವಿಕ್ರಮಸಿಂಹ ಒಂದು ಅಧ್ಯಾಯದಲ್ಲಿ ಅವನ ಕೈ ತಿರುಚಿ, "ತಪ್ಪಾಯ್ತು ಅಣ್ಣಾ" ಎಂದು ಅನ್ನಿಸಿಯೇಬಿಟ್ಟ. ಗುರುವಪ್ಪ ಮೂರು ದಿನ ಮುಖ ಊದಿಸಿಕೊಂಡು ಕೂತ. ಕೊನೆಗೆ, "ಹೋಗ್ಲಿ ಬಿಡಿ, ನಾಲ್ಕು ಜನ ಸೇರಿದ್ದೀವಿ, ಒಡೆಯೋದು ಬೇಡ" ಎಂದ. ಇಂಥ ಹೋಗ್ಲಿ ಬಿಡಿಗಳಿಂದಲೇ ಬೊಳ್ಳಪ್ಪನಂಥವರು ಕೊಬ್ಬುವುದು ಎಂದು ಸರೋಜ ಮನಸ್ಸಿನಲ್ಲೇ ಬೈದುಕೊಂಡಳು. ಬಾಯಿ ಬಿಟ್ಟು ಮಾತ್ರ ಏನೂ ಹೇಳಲಿಲ್ಲ.

ಹೇಳುವುದೆಲ್ಲ ಅವಳ ಪಾತ್ರ ಚಲುವಮ್ಮ ಹೇಳುತ್ತಿದ್ದಳು. ಚಲುವಮ್ಮ ಏಲಕ್ಕಿ ಮೂಟೆಯನ್ನು ತಾನೇ ಸಂತೆಗೆ ತಂದು, ತಾನೇ ದರ ಹೇಳಿ, ಗಿಟ್ಟದಿದ್ದರೆ ಸೆರಗು ಕೊಡವಿ ಎದ್ದು ಹೋಗುವ ಹೆಂಗಸು. ಸರೋಜಳಿಗೆ ಇಪ್ಪತ್ತಾರು. ಶಾಲೆ ನೋಡಲು ಬರುವ ಇನ್ಸ್‌ಪೆಕ್ಟರರ ಮುಂದೆ, ನೆಂಟರ ಮುಂದೆ, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪ ನಂಜಪ್ಪನ ಮುಂದೆ ಗಂಟಲಲ್ಲೇ ಉಳಿದುಹೋದ ಮಾತೆಲ್ಲ ಆ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು. ಬರೆದ ದಿನ ಅವಳಿಗೆ ಒಳ್ಳೆ ನಿದ್ದೆ ಬರುತ್ತಿತ್ತು.

ತೋಟಗಳಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದ ಹೊತ್ತಿಗೆ ನೋಟ್‌ಬುಕ್ಕು ಬೊಳ್ಳಪ್ಪನ ಹತ್ತಿರ ಹೋದದ್ದು ತಿಂಗಳಾದರೂ ತಿರುಗಿ ಬರಲಿಲ್ಲ. ಎಸ್ಟೇಟಿನಲ್ಲಿ ಕೆಲಸ ಹೆಚ್ಚಿರಬೇಕು ಎಂದುಕೊಂಡು ಸುಮ್ಮನಿದ್ದಳು. ಒಂದು ಶನಿವಾರ ಶಾಲೆಯಿಂದ ಬಂದರೆ ಅಪ್ಪ ಎಂದೂ ಇಲ್ಲದ ಗೆಲುವಿನಲ್ಲಿದ್ದ.

"ನಾಳೆ ರೈಟರ್ ಬೊಳ್ಳಪ್ಪನ ಕಡೆಯೋರು ಬರ್ತಾರೆ. ಎಲೆ ಅಡಿಕೆ ಇಟ್ಟು ಮಾತು ಮುಗಿಸೋದು ಅಂತ. ನೀನು ಒಪ್ಪಿ ಬರೆದುಕೊಟ್ಟಿದ್ದೀಯಂತಲ್ಲ, ನನ್ನ ಹತ್ರ ಒಂದು ಮಾತು ಹೇಳೋದಲ್ವಾ?"

"ನಾನೆಂತ ಬರೆದುಕೊಟ್ಟೆ?"

"ಪುಸ್ತಕದಲ್ಲಿ ಉಂಟಂತೆ. ಬೊಳ್ಳಪ್ಪನ ಬಾವ ಕೃಷ್ಣಪ್ಪ ಕಣ್ಣಾರೆ ಓದಿದ್ದಾನೆ. ನೋಡು, ನಾನು ಮಾತು ಕೊಟ್ಟಾಯ್ತು. ಈಗ ಬೇಡ ಅಂತ ನನ್ನ ಮಾನ ಕಳೀಬೇಡ."

ಸರೋಜಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅಪ್ಪ ಆಗಲೇ ಬೆನ್ನು ತಿರುಗಿಸಿ ದನದ ಹಟ್ಟಿಯ ಕಡೆ ಹೊರಟಿದ್ದ. ಅವಳ ಗಂಟಲು ಎಂದಿನಂತೆ ಕಟ್ಟಿಕೊಂಡಿತು. ನಾಳೆಯೂ ಹೀಗೇ ಕಟ್ಟಿಕೊಂಡರೆ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಜೀವಮಾನವೆಲ್ಲ ವಿಕ್ರಮಸಿಂಹನ ಜುಬ್ಬ ಒಗೆಯುತ್ತ ಕೂರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಹತ್ತು ಗಂಟೆಗೆ ಬಂದರು. ಬೊಳ್ಳಪ್ಪ ಶಾಲು ಸರಿಪಡಿಸಿಕೊಂಡು ಕೂತ. ಬಾವ ಕೃಷ್ಣಪ್ಪ ಎಲೆ ಅಡಿಕೆಯ ತಟ್ಟೆಯನ್ನು ನಡುವೆ ಇಟ್ಟು, ಅದರ ಪಕ್ಕದಲ್ಲಿ ನೋಟ್‌ಬುಕ್ಕನ್ನೂ ದಸ್ತಾವೇಜು ಇಡುವ ಹಾಗೆ ಇಟ್ಟ. ಕಾಫಿ ತಂದ ಸರೋಜ ಲೋಟಗಳನ್ನು ಕೆಳಗಿಟ್ಟವಳೇ ಅದನ್ನು ಎತ್ತಿಕೊಂಡಳು.

ಹನ್ನೊಂದು ಪುಟ ಬರೀ ಮದುವೆ! ಚಪ್ಪರವೇ ಮೂರು ಪುಟ. ದುಬಾರೆಯಿಂದ ತರಿಸಿದ ಎರಡು ಆನೆ, ಅವುಗಳ ಮೇಲೆ ಹಾಸಿದ ರತ್ನಗಂಬಳಿ. ಕೊನೆಗೆ ಚಲುವಮ್ಮ ವಿಕ್ರಮಸಿಂಹನ ಕಾಲಿಗೆ ಬಿದ್ದು, "ಪ್ರಾಣಕಾಂತಾ, ನಿಮ್ಮ ಪಾದದ ಧೂಳೇ ನನ್ನ ಕುಂಕುಮ. ನನಗೆ ಇನ್ನು ಸಂತೆಯೇಕೆ?" ಎನ್ನುತ್ತಾಳೆ.

ಥೂ! ಚಲುವಮ್ಮ ಧೂಳು ಕಂಡರೆ ಪೊರಕೆ ಹುಡುಕುವವಳು. ಸರೋಜ ಆ ಸಾಲನ್ನು ಇನ್ನೊಮ್ಮೆ ಓದಿದಳು. ಹೇಸಿಗೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಗಂಟಲು ಕಟ್ಟಿಕೊಳ್ಳುವುದು ಮರೆತೇಹೋಯಿತು.

"ಅಪ್ಪಯ್ಯ, ಇದು ಯಾರ ಅಕ್ಷರ ಕೇಳಿ."

ನಂಜಪ್ಪ ಬೊಳ್ಳಪ್ಪನ ಮುಖ ನೋಡಿದ.

"ಅಕ್ಷರ ನಂದೇ," ಎಂದ ಬೊಳ್ಳಪ್ಪ, ಒಂದು ನಿಟ್ಟುಸಿರು ಬಿಟ್ಟು. "ಆದ್ರೆ ಕಥೆ ಹಂಗೇ ಹೋಗ್ತಿತ್ತು, ನಂಜಪ್ಪಣ್ಣ. ಚಲುವಮ್ಮ ಅಂದ್ರೆ ಟೀಚರು, ವಿಕ್ರಮ ಅಂದ್ರೆ ನಾನು, ಊರಿಗೇ ಗೊತ್ತು. ಹೆಣ್ಣುಮಕ್ಳು ಬಾಯಿಬಿಟ್ಟು ಹೇಳ್ತಾರಾ? ಅದ್ಕೇ ಅವರ ಪರವಾಗಿ ನಾನೇ ಬರ್ದೆ."

"ಅವಳು ಬರೆದದ್ದು ಅಂದ್ರಲ್ಲ ನೀವು?" ಎಂದ ನಂಜಪ್ಪ.

"ಅವರ ಪಾತ್ರ ಹೇಳಿದ್ದು ಅಂದ್ರೆ ಅವರು ಹೇಳಿದ ಹಾಗೇ ಅಲ್ವಾ?"

"ರೈಟರೇ," ಎಂದಳು ಸರೋಜ. ಗಟ್ಟಿಯಾಗಿಯೇ ಬಂತು ಮಾತು. "ಬಾರದ ಆಳಿಗೆ ಹಾಜರಿ ಹಾಕಿ ನಿಮಗೆ ಅಭ್ಯಾಸ ಆಗಿಹೋಗಿದೆ. ಎಸ್ಟೇಟಲ್ಲಿ ಅದು ನಡೀಬಹುದು. ನಾನು ನಿಮ್ಮ ಕೂಲಿ ಲೈನಿನ ಆಳಲ್ಲ."

ಕೃಷ್ಣಪ್ಪನಿಗೆ ಕಾಫಿ ನೆತ್ತಿಗೆ ಹತ್ತಿತು. ಬೊಳ್ಳಪ್ಪ ಕೆಂಪಾದ. "ಹೆಣ್ಣುಮಗಳು ಇಷ್ಟು ಮಾತಾಡ್ತಾಳೆ, ನೀವು ಸುಮ್ನೆ ಕೂತಿದ್ದೀರಲ್ಲ ನಂಜಪ್ಪಣ್ಣ!"

ನಂಜಪ್ಪ ಮಗಳ ಕಡೆ ತಿರುಗಿದ. ಮಗಳು ಹುಟ್ಟಿ ಇಪ್ಪತ್ತಾರು ವರ್ಷವಾದರೂ ಅವಳ ದನಿ ಇಷ್ಟು ಗಟ್ಟಿಯಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಬರಹದಲ್ಲಿದೆ ಎಂದ ಮೇಲೆ ಕೇಳುವುದೇನು ಎಂದು ತಾನು ಕೇಳದೇ ಬಿಟ್ಟದ್ದು ಅವನನ್ನು ಚುಚ್ಚಿರಬೇಕು. ಗಂಟಲು ಸರಿ ಮಾಡಿಕೊಂಡು, "ಸರೋಜ, ನೀನೆಂತ ಹೇಳ್ತಿ?" ಎಂದ.

"ನನಗೆ ಬೇಡ ಅಪ್ಪಯ್ಯ."

ನಂಜಪ್ಪ ತಟ್ಟೆಯಲ್ಲಿದ್ದ ಎಲೆ ಅಡಿಕೆಯನ್ನು ಮುಟ್ಟಲಿಲ್ಲ. ಬೆರಳ ತುದಿಯಿಂದ ತಟ್ಟೆಯನ್ನು ಕೃಷ್ಣಪ್ಪನ ಕಡೆಗೆ ದೂಡಿ, "ಕೇಳಿದ್ರಲ್ಲ. ನಿಮ್ಮ ಬಸ್ಸಿಗೆ ಹೊತ್ತಾಯ್ತು," ಎಂದ.

ಕೃಷ್ಣಪ್ಪ ತಟ್ಟೆ ಎತ್ತಿಕೊಂಡು, ಬೊಳ್ಳಪ್ಪನ ಕಡೆ ತಿರುಗಿಯೂ ನೋಡದೆ ಇಳಿದು ಹೋದ. ಬೊಳ್ಳಪ್ಪ ಮಾತ್ರ ಮೆಟ್ಟಿಲ ಹತ್ತಿರ ನಿಂತ. ಮಾನ ಹೋಯಿತೆಂದು ನಿಂತನೋ, ಕ್ಷಮೆ ಕೇಳಲು ನಿಂತನೋ ಎಂದು ಸರೋಜ ನೋಡಿದರೆ, ಆಸಾಮಿಯ ಕಣ್ಣು ಅವಳ ಕೈಯಲ್ಲಿದ್ದ ನೋಟ್‌ಬುಕ್ಕಿನ ಮೇಲೆ!

"ಟೀಚರೇ, ಅದು ಹೋಗ್ಲಿ. ಆ ಹನ್ನೊಂದು ಪುಟ ಚೆನ್ನಾಗಿ ಬಂದಿದೆ, ಹರೀಬೇಡಿ. ಮುಹೂರ್ತದ ಹೊತ್ತು, ಜನ ಎಲ್ಲ ಕಾಯ್ತಿದ್ದಾರೆ. ಮುಂದೆ ಕಥೆ ಎಂತ ಮಾಡೋದು?"

"ಚಲುವಮ್ಮ ಸಂತೆಗೆ ಹೋದಳು," ಎಂದಳು ಸರೋಜ. "ನಿಮ್ಮ ವಿಕ್ರಮ ಬಾಸಿಂಗ ಕಟ್ಟಿಕೊಂಡು ಒಬ್ಬನೇ ಕೂತಿದ್ದಾನೆ. ಅವನನ್ನ ಎಬ್ಬಿಸೋದು ನಿಮ್ಮ ಕೆಲಸ, ನಂದಲ್ಲ."